ಒದೆತದ ಪಥ್ಯ

ಕನಕರಾಜ್ ಸಾಹೇಬರ ಸೊಂಟ ಹಿಡಿದದ್ದು ಪೆನ್ನಿನ ಮುಚ್ಚಳದಿಂದ. ಸಂಡೂರಿನ ಗುಡ್ಡದ ಅದಿರು ಹೊತ್ತ ಲಾರಿಗಳು ಅವರ ಯಾರ್ಡಿನಲ್ಲಿ ಹಗಲೂ ರಾತ್ರಿ ಓಡಾಡುತ್ತವೆ. ಅಲ್ಲಿ ಸೂಪರ್‌ವೈಸರ್ ಆಗಿದ್ದ ಇಪ್ಪತ್ತೆರಡು ವರ್ಷಗಳಲ್ಲಿ ಅವುಗಳಿಂದ ಅವರಿಗೆ ಏನೂ ಆಗಿರಲಿಲ್ಲ. ಮುಚ್ಚಳ ಬಿತ್ತು, ಬಗ್ಗಿದರು, ಅಷ್ಟೇ. ಏಳಲಿಕ್ಕಾಗಲಿಲ್ಲ. ವೇಬ್ರಿಡ್ಜ್ ಕೋಣೆಯ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದ ಅವರನ್ನು ನೋಡಿ, ಇವತ್ತು ಇದೇನು ಹೊಸದು ಎಂದುಕೊಂಡು ಮೂವರು ಡ್ರೈವರುಗಳು ತಿರುಗಿ ನಮಸ್ಕಾರ ಮಾಡಿ ಹೋದರು.

ಬೆಳಗಿನ ಆರಕ್ಕೆ ಹತ್ತು ನಿಮಿಷವಿತ್ತು. ಒಳಗೆ ಲಾರಿಗಳ ತೂಕ ಬರೆಯುತ್ತಿದ್ದ ಸುಧಾರಾಣಿಯ ರಾತ್ರಿ ಪಾಳಿ ಮುಗಿಯುತ್ತ ಬಂದಿತ್ತು. ಸಾಹೇಬರು ಬಂದ ಕೂಡಲೇ ಒಂದು ಮಾತು ಕೇಳಬೇಕೆಂದು ಅವಳು ಕಾದಿದ್ದಳು. ಆರು ತಿಂಗಳಿಂದ ಕೇಳುತ್ತಿದ್ದ ಮಾತೇ: ನನ್ನನ್ನು ಜನರಲ್ ಶಿಫ್ಟಿಗೆ ಹಾಕಿ, ಬೆಳಿಗ್ಗೆ ಒಂಬತ್ತಕ್ಕೆ ಬಂದು ಸಂಜೆ ಆರಕ್ಕೆ ಹೋಗುತ್ತೇನೆ. ಸಾಹೇಬರು ಪ್ರತಿ ಸಲ, "ಚಾರ್ಟ್ ನೋಡಬೇಕಮ್ಮಾ" ಅನ್ನುತ್ತಿದ್ದರು. ಡ್ಯೂಟಿ ಚಾರ್ಟ್ ಬರೆಯುತ್ತಿದ್ದವರು ಅವರೇ.

ಸುಧಾರಾಣಿಯ ಗಂಡ ಮಾರೇಶ್ ಕಂಪ್ಲಿಯ ಅಕ್ಕಿ ಗಿರಣಿಯಲ್ಲಿದ್ದ, ಭಾನುವಾರ ಬರುತ್ತಿದ್ದ. ಐದು ವರ್ಷದ ಮಗಳು ಹೇಮಾ ಕುರೆಕುಪ್ಪದಲ್ಲಿ ಪಕ್ಕದ ಮನೆಯ ಸುವರ್ಣಮ್ಮನ ಹತ್ತಿರ ಮಲಗುತ್ತಿದ್ದಳು. ಈಚೆಗೆ ಹುಡುಗಿ ಸುವರ್ಣಮ್ಮನನ್ನು 'ಅವ್ವ' ಅನ್ನತೊಡಗಿದ್ದಳು. ತಾಯಿಯನ್ನು, ಸುವರ್ಣಮ್ಮ ಕರೆಯುವ ಹಾಗೆಯೇ, 'ಸುಧಾ' ಅನ್ನುತ್ತಿದ್ದಳು. ತಪ್ಪೇನಿಲ್ಲ, ಹೆಸರು ಅದೇ.

ನಾಲ್ಕು ಜನ ಸೇರಿ ಸಾಹೇಬರನ್ನು ಬಗ್ಗಿದ ಆಕಾರದಲ್ಲೇ ಎತ್ತಿ, ಗೇಟಿನ ಹತ್ತಿರ ಜಂಬಕ್ಕನ ಚಹಾದಂಗಡಿಯ ಬೆಂಚಿನ ಮೇಲೆ ಮಗ್ಗುಲಾಗಿ ಇಟ್ಟರು. ಒಬ್ಬ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಳ್ಳೆಣ್ಣೆ ಅಂದ, ಇನ್ನೊಬ್ಬ ಲಕ್ಕಿ ಸೊಪ್ಪಿನ ನೀರು ಅಂದ.

"ಉಪ್ಪಿನ ಕಾವು ಕೊಟ್ಟು ಸ್ವಲ್ಪ ಅಡ್ಡಾಡಿದ್ರ ಬಿಡ್ತೈತ್ರಿ ಸರ್" ಎಂದಳು ಸುಧಾರಾಣಿ.

"ನೀನು ತೂಕ ನೋಡು ಹೋಗಮ್ಮಾ" ಎಂದರು ಸಾಹೇಬರು, ಬೆಂಚಿನ ಕಾಲಿಗೆ ಹೇಳಿದಂತೆ. ಅವರಿಗೆ ಅದಷ್ಟೇ ಕಾಣುತ್ತಿತ್ತು.

ಜಂಬಕ್ಕ ಚಹಾ ಸೋಸುವುದನ್ನು ನಿಲ್ಲಿಸಿದಳು. "ಟೊಂಕ ಹಿಡದ್ರ ಇಷ್ಟು ಯಾಕ ಒದ್ದಾಡ್ತೀರಿ? ಕಾಲು ಮುಂದ ಮಾಡಿ ಹುಟ್ಟಿದವರ ಕಡಿಂದ ಒದಿಸ್ಕಂಡ್ರ ಆತು."

ಹೆರಿಗೆಯಲ್ಲಿ ತಲೆಯ ಬದಲು ಕಾಲು ಮುಂದಾಗಿ ಬಂದವರ ಕಾಲು ತಾಕಿದರೆ ಹಿಡಿದ ಸೊಂಟ ಬಿಡುತ್ತದೆ ಎಂಬುದು ಆ ಕಡೆ ಎಲ್ಲರಿಗೂ ಗೊತ್ತಿರುವುದೇ. ಬೇಕಾದಾಗ ಅಂಥವರು ಸಿಗುವುದಿಲ್ಲ, ಅದೊಂದೇ ತೊಂದರೆ.

"ಎಲ್ಲಿ ಹುಡುಕಾದು ಈಗ?" ಎಂದರು ಸಾಹೇಬರು.

"ಹುಡುಕಾದೇನೈತಿ? ನಮ್ಮ ಸುಧಾ ಇಲ್ಲೇ ನಿಂತಾಳಲ್ಲ."

ಎಂದೋ ಚಹಾ ಕುಡಿಯುವಾಗ ತಾನು ಕಾಲು ಮುಂದಾಗಿ ಹುಟ್ಟುವಾಗ ಅವ್ವ ಭೀಮವ್ವ ಪಟ್ಟ ಕಷ್ಟವನ್ನು ಸುಧಾರಾಣಿ ಹೇಳಿದ್ದಳು. ಜಂಬಕ್ಕ ಅದನ್ನು ಎತ್ತಿಟ್ಟುಕೊಂಡಿದ್ದಳು.

"ನನ್ನ ಕೈಕೆಳಗಿನಾಕಿ ಕಡಿಂದ ಒದಿಸ್ಕಳ್ಳದೇನು?"

"ಕೈಕೆಳಗಿನಾಕಿ ಇರಬೌದ್ರಿ. ಒದಿಯಾದು ಕಾಲಿಂದಲ್ಲೇನ್ರಿ?"

ಸಾಹೇಬರು ಸ್ವಲ್ಪ ಹೊತ್ತು ಯೋಚಿಸಿದರು. ಯೋಚಿಸುವಾಗಲೂ ನೋಯುತ್ತಿತ್ತು. "ಆತು, ಒದಿ" ಎಂದರು.

"ಈಗ ಬ್ಯಾಡ್ರಿ!" ಎಂದಳು ಜಂಬಕ್ಕ. "ರಾತ್ರಿಯೆಲ್ಲ ಎದ್ದ ಕಾಲದು, ಅದರಾಗ ಏನಿರ್ತೈತಿ? ರಾತ್ರಿ ಮನ್ಯಾಗ ನಿದ್ದಿ ಮಾಡಿ, ಮುಂಜಾನೆ ಮೈ ತೊಳ್ಕಂಡು ಬಂದ ಕಾಲು ಆಗಬೇಕು. ಒಂಬತ್ತು ದಿನ."

"ಮೂರು ದಿನ ಅಂತ ಕೇಳಿದ್ನಲ್ಲ" ಎಂದ ಅಲ್ಲಿದ್ದ ಡ್ರೈವರ್ ಹೊನ್ನೂರುಸ್ವಾಮಿ.

"ಅದು ನಿಮ್ಮಂಥವರಿಗಲೇ. ಸೂಪರ್‌ವೈಸರಿಗೆ ಒಂಬತ್ತು."

ಸುಧಾರಾಣಿ ಜಂಬಕ್ಕನ ಮುಖ ನೋಡಿದಳು. ಜಂಬಕ್ಕ ಚಹಾದ ಪಾತ್ರೆಯನ್ನೇ ನೋಡುತ್ತಿದ್ದಳು. ಸಾಹೇಬರು ಮಲಗಿದಲ್ಲೇ ಚಾರ್ಟ್ ತರಿಸಿ ಒಂಬತ್ತು ದಿನಕ್ಕೆ ಸುಧಾರಾಣಿಯ ಹೆಸರನ್ನು ಜನರಲ್ ಶಿಫ್ಟಿಗೆ ಹಾಕಿದರು. ಆರು ತಿಂಗಳ ಕೆಲಸ ನಾಲ್ಕು ನಿಮಿಷದಲ್ಲಿ ಮುಗಿಯಿತು.

ಮರುದಿನ ಹೊಸ ತೊಡಕು ಬಂತು. ಯಾರ್ಡಿನಲ್ಲಿ ಸೇಫ್ಟಿ ಶೂ ಬಿಚ್ಚುವಂತಿಲ್ಲ. ಆ ಬೋರ್ಡನ್ನು ಬರೆಸಿದವರೂ ಸಾಹೇಬರೇ. ಮುಂದೆ ಕಬ್ಬಿಣವಿದ್ದ ಆ ಶೂ ಹಾಕಿಕೊಂಡು ಒದ್ದರೆ ಸೊಂಟ ಬಿಡುವುದಿರಲಿ, ಬೇರೆಯಾಗಿಯೇ ಬರಬಹುದಿತ್ತು. ಅವರು ಒಂದು ರಿಜಿಸ್ಟರ್ ತೆಗೆದು ಗೆರೆ ಹಾಕಿಸಿದರು: ದಿನಾಂಕ, ಹೆಸರು, ಶೂ ಬಿಚ್ಚಿದ ಸಮಯ, ಕಾರಣ. ಕಾರಣದ ಕೆಳಗೆ 'ಚಿಕಿತ್ಸೆ' ಎಂದು ಬರೆದರು. ಸುಧಾರಾಣಿ ಸಹಿ ಹಾಕಿದಳು.

ಸಾಹೇಬರು ಬೆಂಚಿನ ಮೇಲೆ ಬೋರಲು ಮಲಗಿದರು. ಆರು ತಿಂಗಳಲ್ಲಿ ಸುಧಾರಾಣಿ ಇದನ್ನು ಮನಸ್ಸಿನಲ್ಲೇ ಕೆಲವು ಸಲ ಮಾಡಿದ್ದಳು. ಅಲ್ಲಿ ಕಾಲಲ್ಲಿ ಶೂ ಇರುತ್ತಿತ್ತು. ಈಗ ಎಡಗಾಲಿನ ಅಂಗಾಲನ್ನು ಮೂರು ಸಲ ಅವರ ಸೊಂಟಕ್ಕೆ ತಾಕಿಸಿ ತೆಗೆದಳು.

"ಆತೇನು?"

"ಆತ್ರಿ ಸರ್."

"ಗೊತ್ತೇ ಆಗಲಿಲ್ಲಲ್ಲ?"

"ಜೋರಾಗಿ ಹಾಕಲೇನ್ರಿ?"

"ಬ್ಯಾಡ, ಬ್ಯಾಡ."

ಅವರು ಏಳಲು ಹೋಗಿ ಅರ್ಧಕ್ಕೇ ನಿಂತರು. ಸುಧಾರಾಣಿಗೆ ಪಾಪ ಅನ್ನಿಸಿತು. ಕಂಪ್ಲಿಯ ಗದ್ದೆಗಳಲ್ಲಿ ಭತ್ತ ನಾಟಿ ಮಾಡಿ ಬಂದ ಅವ್ವ ರಾತ್ರಿ ಸೊಂಟಕ್ಕೆ ಏನು ಮಾಡುತ್ತಿದ್ದಳೆಂದು ಅವಳಿಗೆ ಗೊತ್ತಿತ್ತು. ಆರೋಗ್ಯ ಕೇಂದ್ರದ ನರ್ಸಮ್ಮ ಅವ್ವನಿಗೆ ಹೇಳಿದ್ದೂ ನೆನಪಿತ್ತು. ಆದರೆ ಅದನ್ನೆಲ್ಲ ನಿನ್ನೆ ಹೇಳಿ ಆಗಿತ್ತು, ತೂಕ ನೋಡಲು ಹೋಗೆಂದಿದ್ದರು.

"ಇದಕ್ಕ ಪಥ್ಯ ಐತ್ರಿ ಸರ್" ಎಂದಳು.

ಈ ಸಲ ಜಂಬಕ್ಕ ಅವಳ ಮುಖ ನೋಡಿದಳು.

"ಏನು ಪಥ್ಯ?" ಸಾಹೇಬರು ಪೆನ್ನು ತೆಗೆದರು.

"ಎರಡು ಹಿಡಿ ಕಲ್ಲುಪ್ಪು ಹಂಚಿನ ಮ್ಯಾಲ ಹುರಿಬೇಕು, ದಪ್ಪ ಬಟ್ಟ್ಯಾಗ ಗಂಟು ಕಟ್ಟಬೇಕು. ಮೊದಲು ನಿಮ್ಮ ಕೈಗೆ ಮುಟ್ಟಿಸ್ಕಂಡು ನೋಡ್ರಿ, ಸುಡಬಾರದು. ಮುಂಜಾನೆ, ಸಂಜೆ ಕಾವು. ದಿನವೆಲ್ಲ ಮಲಗಂಗಿಲ್ಲ, ದಿನವೆಲ್ಲ ಕುಂದ್ರಂಗಿಲ್ಲ. ತಾಸಿಗೊಮ್ಮೆ ಗೇಟಿನ ತನಕ ನಿಧಾನಕ ಅಡ್ಡಾಡಬೇಕು. ಮಲಗುವಾಗ ಮೊಣಕಾಲ ಕೆಳಗ ದಿಂಬು. ಏನರ ಬಿದ್ರ ಟೊಂಕ ಬಗ್ಗಿಸಂಗಿಲ್ಲ, ಮೊಣಕಾಲು ಮಡಚಿ ಎತ್ತಬೇಕು."

"ಪಥ್ಯ ಮುರಿದ್ರ?"

"ಒದೆತ ಹತ್ತಂಗಿಲ್ರಿ."

ಸಾಹೇಬರು ಅದಕ್ಕೂ ಗೆರೆ ಹಾಕಿದರು. ತಾಸಿಗೊಮ್ಮೆ ಗೇಟಿಗೆ ಹೋಗಿ ಬಂದು ಟಿಕ್ ಹಾಕುತ್ತಿದ್ದರು. ಐದನೆಯ ದಿನ ನೆಟ್ಟಗೆ ನಿಂತರು. ಪೆನ್ನಿನ ಮುಚ್ಚಳವನ್ನು ತಾವೇ ಬೀಳಿಸಿ, ಮೊಣಕಾಲು ಮಡಚಿ ಎತ್ತಿ ಎಲ್ಲರಿಗೂ ತೋರಿಸಿದರು.

ಆರನೆಯ ದಿನ ವೇಬ್ರಿಡ್ಜಿನ ಮುಂದೆ ನಾಲ್ವರು ಡ್ರೈವರುಗಳು ನಿಂತಿದ್ದರು, ಎಂಟನೆಯ ದಿನ ಹನ್ನೊಂದು ಜನ. ಲಾರಿಯ ಸೀಟಿನಲ್ಲಿ ಹತ್ತು ತಾಸು ಕುಳಿತವನ ಸೊಂಟ ಹಿಡಿಯದಿದ್ದರೆ ಅದೇ ವಿಚಿತ್ರ. ಸುಧಾರಾಣಿ ಎಲ್ಲರಿಗೂ ಕಾಲು ತಾಕಿಸಿದಳು, ಎಲ್ಲರಿಗೂ ಪಥ್ಯ ಹೇಳಿದಳು. ಲೋಡಿಂಗಿಗೆ ಕಾಯುವಾಗ ಇಳಿದು ಲಾರಿಯ ಸುತ್ತ ನಡೆಯಬೇಕೆಂದಳು. ಸಾಲಾಗಿ ನಿಂತ ಲಾರಿಗಳಿಗೆ ಡ್ರೈವರುಗಳು ಪ್ರದಕ್ಷಿಣೆ ಹಾಕುವುದನ್ನು ನೋಡಿ, ಹೊಸದಾಗಿ ಬಂದ ಎಂಜಿನಿಯರೊಬ್ಬರು ಇವತ್ತು ಆಯುಧಪೂಜೆಯೇ ಎಂದು ಕೇಳಿದರು.

ರಾತ್ರಿಗಳಲ್ಲಿ ಹೇಮಾ ತನ್ನ ಮನೆಯಲ್ಲೇ ಮಲಗುತ್ತಿದ್ದಳು. ಮೊದಲೆರಡು ದಿನ, "ಸುಧಾ, ನೀ ಕೆಲಸಕ್ಕ ಹೋಗಲ್ಲೇನು?" ಎಂದು ಕೇಳಿದಳು. ಆಮೇಲೆ ಕೇಳಲಿಲ್ಲ.

ಒಂಬತ್ತನೆಯ ದಿನ ಮುಂದಿನ ತಿಂಗಳ ಚಾರ್ಟ್ ಸಾಹೇಬರ ಮೇಜಿನ ಮೇಲಿತ್ತು. ಖಾಲಿ.

"ಸಾಹೇಬ್ರು ಕೇಳಿದ್ರ ತಿಂಗಳಿಗೆ ನಾಕು ಸಲ ಒದಿಬೇಕು ಅಂತ ಹೇಳು" ಎಂದಳು ಜಂಬಕ್ಕ ಮೆಲ್ಲಗೆ. "ಇಲ್ಲಂದ್ರ ತಿರುಗಿ ಬರ್ತೈತಿ ಅನ್ನು. ಉಳಿದದ್ದು ನನಗ ಬಿಡು."

ಸುಧಾರಾಣಿ ಹೂಂ ಅಂದಳು. ಅಷ್ಟರಲ್ಲಿ ಹೊನ್ನೂರುಸ್ವಾಮಿ ಬಂದ, ಕಾಲೆಳೆದುಕೊಂಡು.

"ಅಕ್ಕಾ, ನನಗ ಎರಡು ಜಾಸ್ತಿನೇ ಹಾಕು. ಟೊಂಕದಿಂದ ಬಲಗಾಲಿಗೆ ಇಳದೈತಿ. ನಾಕು ದಿನ ಆತು, ಕಾಲು ನಂದಲ್ಲ ಅನ್ನಂಗೈತಿ. ಬ್ರೇಕ್ ಒತ್ತಿದ್ನೋ ಇಲ್ಲೋ ಗೊತ್ತೇ ಆಗವಲ್ದು."

ಬೆಂಚಿನ ಮೇಲೆ ಬೋರಲು ಮಲಗಿಬಿಟ್ಟ. ಸುಧಾರಾಣಿ ಅವನ ಪಾದ ಚಿವುಟಿದಳು.

"ಚಿವುಟಿದ್ದು ಗೊತ್ತಾತೇನು?"

"ಎಲ್ಲಿ ಚಿವುಟಿದಿ?"

ಅವಳು ಶೂ ಬಿಚ್ಚಲಿಲ್ಲ. "ಏಳಣ್ಣ. ಇದಕ್ಕ ಒದೆತ ಅಲ್ಲ, ಈಗಿಂದೀಗ ಆಸ್ಪತ್ರಿಗೆ ಹೋಗಬೇಕು. ಗಾಡಿ ಮುಟ್ಟಬ್ಯಾಡ."

"ಯಕ್ಕಾ, ಒಂದು ಸಲ ತಾಕ್ಸು, ನೋಡಾಮು."

"ಸಾಹೇಬ್ರಿಗೆ ಮಾತ್ರನೇನು ಒದೆತ?" ಎಂದ ಹಿಂದೆ ನಿಂತವನೊಬ್ಬ. "ನಮಗಿಲ್ಲೇನು?"

ಸಾಹೇಬರು ಚಹಾದಂಗಡಿಯ ಬಾಗಿಲಿಗೆ ಬಂದು ನಿಂತಿದ್ದರು, ಚಾರ್ಟ್ ಕೈಯಲ್ಲೇ ಇತ್ತು. ಕಾಲು ತಾಕಿಸಿದರೆ ಹೊನ್ನೂರುಸ್ವಾಮಿ ಖುಷಿಯಿಂದ ಎದ್ದು ಲಾರಿ ಹತ್ತುತ್ತಿದ್ದ. ಮುಂದೆ ಗುಡ್ಡದ ಇಳಿಜಾರು. ಸುಧಾರಾಣಿಗೆ ಅದೂ ಕಂಡಿತು, ಚಾರ್ಟೂ ಕಂಡಿತು.

"ನನ್ನ ಕಾಲಿನ್ಯಾಗ ಏನೂ ಇಲ್ಲ" ಎಂದಳು, ಎಲ್ಲರಿಗೂ ಕೇಳುವ ಹಾಗೆ. "ಸುಮ್ನ ತಾಕಿಸಿದ್ದು. ಆರಾಮಾಗಿದ್ದು ಉಪ್ಪಿನ ಕಾವಿಗೆ, ಅಡ್ಡಾಡಿದ್ದಕ್ಕ."

"ಮತ್ತ ನನ್ನ ಟೊಂಕ?" ಎಂದರು ಸಾಹೇಬರು.

"ನಿಮ್ಮದೂ ಅಷ್ಟೇರಿ ಸರ್. ಎಂಟು ಹತ್ತು ದಿನಕ್ಕ ತಾನ ಬಿಡ್ತಿತ್ತು."

ಜಂಬಕ್ಕ ಕಣ್ಣು ಮುಚ್ಚಿಕೊಂಡಳು. ಚಹಾ ಉಕ್ಕಿತು.

ಸಾಹೇಬರು ಹೊನ್ನೂರುಸ್ವಾಮಿಯ ಕೈಯಿಂದ ಲಾರಿಯ ಕೀಲಿ ತೆಗೆದುಕೊಂಡು, ಅವನನ್ನು ಯಾರ್ಡಿನ ಜೀಪಿನಲ್ಲಿ ಹೊಸಪೇಟೆಗೆ ಕಳಿಸಿದರು. ರಿಜಿಸ್ಟರಿನಲ್ಲಿ ಶೂ ಬಿಚ್ಚಿದ ಸಮಯದ ಕೆಳಗೆ 'ಬಿಚ್ಚಿಲ್ಲ' ಎಂದೂ, ಕಾರಣದ ಕೆಳಗೆ 'ಆಸ್ಪತ್ರೆ' ಎಂದೂ ಬರೆದರು. ಆಮೇಲೆ ಸುಧಾರಾಣಿಯನ್ನು ಕರೆದರು.

"ನೀನು ಹೇಳಿದ್ದನ್ನ ನಾನು ನಂಬಂಗಿಲ್ಲ."

"ಯಾಕ್ರಿ ಸರ್?"

"ಇಪ್ಪತ್ತೆರಡು ವರ್ಷ ಜನರನ್ನ ನೋಡೀನಮ್ಮಾ. ಏನೂ ಇಲ್ಲದಾವ ಎಲ್ಲ ಐತಿ ಅಂತಾನ. ನೀನು ಇಲ್ಲ ಅಂದಿ, ಅಂದ್ರ ಐತಿ." ಚಾರ್ಟನ್ನು ಅವಳ ಕಡೆ ತಿರುಗಿಸಿದರು. ಜನರಲ್ ಶಿಫ್ಟಿನ ಸಾಲಿನಲ್ಲಿ ಅವಳ ಹೆಸರು ತಿಂಗಳ ಕೊನೆಯವರೆಗೂ ಇತ್ತು. "ಇಂಥಾಕಿ ಹಗಲ ಹೊತ್ನ್ಯಾಗ ಇರಬೇಕು. ಈಗ ಶೂ ಬಿಚ್ಚು. ನಂದು ಇವತ್ತಿಂದು ಇನ್ನ ಐತಿ."

ಅವರು ಬೋರಲು ಮಲಗಿದರು. ಸುಧಾರಾಣಿ ಸಹಿ ಹಾಕಿ, ಕಾಲು ತಾಕಿಸಿದಳು.

ಅವತ್ತು ಸಂಜೆ ಏಳಕ್ಕೆ ಮನೆ ಸೇರಿದಾಗ ಅವಳ ಸೊಂಟವೇ ನೋಯುತ್ತಿತ್ತು. ಹಿಂದಿನ ದಿನ ಹನ್ನೊಂದು ಜನರಿಗೆ ಒಂಟಿಗಾಲಲ್ಲಿ ನಿಂತರೆ ಇನ್ನೇನಾಗುತ್ತದೆ? ಚಾಪೆಯ ಮೇಲೆ ಬೋರಲಾಗಿ ಮಗಳನ್ನು ಕರೆದಳು. ಹೇಮಾ ಗೋಡೆ ಹಿಡಿದು ಬೆನ್ನು ಹತ್ತಿದಳು.

"ಸುಧಾ, ಇಲ್ಲೇನು?"

"ಇನ್ನ ಸ್ವಲ್ಪ ಕೆಳಗ."

"ಇಲ್ಲಿ?"

"ಹಾಂ, ಅಲ್ಲೇ. ನಿಧಾನಕ ತುಳಿ."

ಹುಡುಗಿ ಗೋಡೆ ಬಿಟ್ಟು ಎರಡು ಹೆಜ್ಜೆ ಇಟ್ಟಳು, ವಾಲಿದಳು, "ಯವ್ವಾ!" ಎಂದಳು.

ಬೀಳುವಾಗ ಯಾರಾದರೂ ಹಾಗೇ ಅನ್ನುತ್ತಾರೆ. ಸುಧಾರಾಣಿ ಅದನ್ನು ತನಗೇ ಅಂದದ್ದೆಂದು ಇಟ್ಟುಕೊಂಡು, ಕೈ ಹಿಂದೆ ಚಾಚಿ ಮಗಳ ಕಾಲು ಹಿಡಿದಳು. ಹದಿನೈದು ಕಿಲೋ, ಸ್ವಲ್ಪ ಹೆಚ್ಚೇ ಇರಬಹುದು. ಸೊಂಟ ಹಗುರಾಗುತ್ತಿತ್ತು. ಹೇಮಾ ಹುಟ್ಟಿದ್ದು ಎಲ್ಲರಂತೆ ತಲೆ ಮುಂದಾಗಿಯೇ.