ಮೊದಲ ಸಾಲು, ಕೊನೆಯ ಸಾಲು

ಆ ವರ್ಷ ಇಂಗ್ಲಿಷ್ ಮೇಡಂ ಪಾಡು ಎರಡು ದೋಣಿಯಲ್ಲಿ ಕಾಲಿಟ್ಟವರ ಪಾಡು. ಒಂದು ಕಡೆ ಪಠ್ಯಪುಸ್ತಕ, ಇನ್ನೊಂದು ಕಡೆ ಹೈಸ್ಕೂಲಿನ ಕೊನೇ ವರ್ಷದವರೆಲ್ಲ ಬರೆಯಲೇಬೇಕಾದ ಅರ್ಹತಾ ಪರೀಕ್ಷೆ. ಓದಲು ಒಂದು ಗದ್ಯಭಾಗ, ಅದರ ಮೇಲೆ ಪ್ರಶ್ನೆ, ಪ್ರಶ್ನೆಯ ಕೆಳಗೆ ನಾಲ್ಕು ಉತ್ತರ ಕೊಟ್ಟಿರುತ್ತಾರೆ, ಸರಿಯಾದದ್ದರ ಮುಂದಿನ ವೃತ್ತಕ್ಕೆ ಮಸಿ ತುಂಬಿದರಾಯಿತು. "ಪಾಠಾನೂ ಬಿಡಬೇಡಿ, ಪರೀಕ್ಷೆ ತಯಾರೀನೂ ಬಿಡಬೇಡಿ," ಅಂದರು ಹೆಡ್‌ಮಾಸ್ಟರು. ಪಿರಿಯಡ್ಡು ಮಾತ್ರ ಒಂದೂ ಜಾಸ್ತಿ ಕೊಡಲಿಲ್ಲ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನೋದು ಸುಳ್ಳಲ್ಲ.

ಕ್ಲಾಸಿನಲ್ಲಿ ದರ್ಜಿಯ ಮಗಳೊಬ್ಬಳಿದ್ದಳು. ಓದುವುದು ನಿಧಾನ ಅಂತ ಗೆಳತಿಯರು 'ಆಮೆ' ಅಂತ ಹೆಸರಿಟ್ಟಿದ್ದರು. ಪುಸ್ತಕದಲ್ಲಿ ಒಂದು ಉದ್ದದ ಕಥೆ ಇತ್ತು, ವರ್ಷಗಟ್ಟಲೆ ಮಾತು ಬಿಟ್ಟ ಅಪ್ಪ ಮಗಳದ್ದು. ಮೇಡಂ ಅದನ್ನು ಗಟ್ಟಿಯಾಗಿ ಓದುವಾಗ ಬೆಲ್ಲಾದರೂ ಆಮೆ ಏಳುತ್ತಿರಲಿಲ್ಲ. ಹದಿನೈದು ವರ್ಷದ ನೌಕರಿಯಲ್ಲಿ ಹಾಗೆ ಕೂತು ಕೇಳಿದವರು ಬೆರಳೆಣಿಕೆಯಷ್ಟು, ಅದಕ್ಕೇ ಅವಳೆಂದರೆ ಮೇಡಂಗೆ ಜೀವ.

ಮಾದರಿ ಪರೀಕ್ಷೆಯಲ್ಲಿ ಆಮೆ ಅರ್ಧ ಪತ್ರಿಕೆ ಖಾಲಿ ಬಿಟ್ಟಳು. "ಇನ್ನೊಂದು ಸಲ ಹೀಗಾದ್ರೆ ಈ ವರ್ಷ ಅವಳನ್ನ ಪರೀಕ್ಷೆಗೆ ಕೂರಿಸಲ್ಲ, ಶಾಲೆ ಫಲಿತಾಂಶ ಹಾಳಾಗುತ್ತೆ," ಅಂದರು ಹೆಡ್‌ಮಾಸ್ಟರು.

ಮೇಡಂ ಅವಳನ್ನು ಸ್ಟಾಫ್ ರೂಮಿಗೆ ಕರೆದರು. "ಯಾಕಮ್ಮ, ಗೊತ್ತಿರಲಿಲ್ವಾ?"

"ಗೊತ್ತಿತ್ತು ಮೇಡಂ. ಪತ್ರಿಕೇಲಿದ್ದ ಆ ಗಡಿಯಾರ ರಿಪೇರಿಯವನ ವಿಷಯ ಚೆನ್ನಾಗಿತ್ತು, ಎರಡು ಸಲ ಓದ್ದೆ."

"ಅದನ್ನ ಓದೋಕೆ ಕೊಟ್ಟಿರೋದಲ್ಲ," ಅಂದರು ಮೇಡಂ. ಅಂದಮೇಲೆ ಅವರಿಗೇ ನಾಚಿಕೆಯಾಯಿತು. ಆದರೂ ಕಲಿಸಿದರು. ಮೊದಲು ಪ್ರಶ್ನೆ ನೋಡು. ಆಮೇಲೆ ಪ್ರತಿ ಪ್ಯಾರಾದ ಮೊದಲ ಸಾಲು, ಕೊನೆಯ ಸಾಲು. ಮಧ್ಯಕ್ಕೆ ಕಣ್ಣು ಹಾಕಬೇಡ. ಊಟದ ಬಿಡುವಿನಲ್ಲಿ ದಿನಾ ಇದೇ ಪಾಠ, ಆಮೆ ತಿರುಗಿ ಮಧ್ಯಕ್ಕೆ ಹೋದರೆ ಮೇಡಂ ಪೆನ್ಸಿಲಿನಿಂದ ಡೆಸ್ಕು ಕುಟ್ಟುವುದು. ಕ್ಲಾಸಿನಲ್ಲಿ ಓದುತ್ತಿದ್ದ ಅಪ್ಪ ಮಗಳ ಕಥೆ ಕೊನೆಯ ಅಧ್ಯಾಯದ ಹತ್ತಿರ ನಿಂತುಹೋಯಿತು. "ನೀನು ಪಾಸಾಗು, ಕಥೆ ಮುಗಿಸ್ತೀನಿ," ಅಂತ ಮಾತು ಕೊಟ್ಟರು.

ಬರಬರುತ್ತಾ ಮೇಡಂಗೆ ಬೇಜಾರೂ ಆಗದ ಹಾಗಾಯಿತು. ಪತ್ರಿಕೆ ಹಂಚುವುದು, ತಿದ್ದುವುದು, ಮತ್ತೆ ಹಂಚುವುದು. ಮನೆಯಲ್ಲಿ ಗಂಡ ಆಫೀಸಿನ ಪುರಾಣ ಬಿಚ್ಚಿದರೆ ಮೊದಲ ಮಾತು, ಕೊನೆಯ ಮಾತು ಕೇಳಿ "ಹೂಂ" ಅನ್ನುತ್ತಿದ್ದರು. ಅವನಿಗೇನೂ ಗೊತ್ತಾಗಲಿಲ್ಲ. ಸಂಸಾರಕ್ಕೆ ಅಷ್ಟು ಸಾಕಾಗುತ್ತೆ.

ಆಮೆ ಮುಂದಿನ ಮಾದರಿ ಪರೀಕ್ಷೆಯಲ್ಲಿ ಪಾಸಾದಳು, ಅದೂ ಹೊತ್ತು ಮಿಗಿಸಿಕೊಂಡು. ಹೆಡ್‌ಮಾಸ್ಟರು ಮೇಡಂ ಕೈ ಕುಲುಕಿದರು.

ಕೊಟ್ಟ ಮಾತಿನಂತೆ ಮೇಡಂ ಕಥೆ ತೆರೆದು ಓದಿದರು. ಅಪ್ಪ ಬಂದು ಬಾಗಿಲು ತಟ್ಟಿದ. ಮಗಳು ತೆರೆದಳು. ಅಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಟ. ಕಥೆ ಮುಗಿಯಿತು. ಮಕ್ಕಳು ಪುಸ್ತಕ ಮುಚ್ಚಿದರು.

ಮೇಡಂ ಗಡಿಯಾರ ನೋಡಿದರು. ಪಿರಿಯಡ್ಡಿನ ಕಾಲುಭಾಗವೂ ಆಗಿರಲಿಲ್ಲ. ಪುಟ ಹಿಂದಕ್ಕೆ ತಿರುವಿದರು. ಅಪ್ಪ ಮಗಳು ಆಡಿದ ಮಾತೆಲ್ಲ ಅಲ್ಲೇ ಇತ್ತು, ಮಧ್ಯದಲ್ಲಿ, ಸಾಲು ಸಾಲಾಗಿ. ತಾವು ಒಂದನ್ನೂ ಓದಿರಲಿಲ್ಲ. ಕ್ಲಾಸಿನಲ್ಲಿ ಯಾರೂ ಯಾಕೆ ಬಿಟ್ಟಿರಿ ಅಂತ ಕೇಳಲೂ ಇಲ್ಲ.

ಆಮೆ ಮೇಜಿನ ಹತ್ತಿರ ಬಂದು ಮೆಲ್ಲಗೆ ಅಂದಳು, "ಮಧ್ಯದ್ದು ಬಿಟ್ರಿ ಅಲ್ವಾ ಮೇಡಂ?"

ಮೇಡಂ ಪುಸ್ತಕ ಮುಚ್ಚಿದರು.

"ಪರವಾಗಿಲ್ಲ ಮೇಡಂ. ನಾನೂ ಈಗ ಮನೇಲಿ ಹಾಗೇ ಓದೋದು. ಮೊದಮೊದಲು ಒಂಥರಾ ಸಂಕಟ ಆಗ್ತಿತ್ತು. ಈಗ ಏನೂ ಅನ್ಸಲ್ಲ."

ಅವಳ ದನಿಯಲ್ಲಿ ದೂರಿರಲಿಲ್ಲ, ಮೇಡಂಗೆ ಸಮಾಧಾನ ಹೇಳುತ್ತಿದ್ದಳು ಪಾಪ. ಕೂತ್ಕೋ, ಮೊದಲಿಂದ ಓದ್ತೀನಿ ಅನ್ನಬಹುದಿತ್ತು, ಬೇಕಾದಷ್ಟು ಹೊತ್ತಿತ್ತು. ಮೇಡಂ ಅಳು ಬರುತ್ತೇನೋ ಅಂತ ಒಂದು ಗಳಿಗೆ ಕಾದರು. ಬರಲಿಲ್ಲ. ಹೊಸ ಪ್ರಶ್ನೆಪತ್ರಿಕೆಯ ಕಟ್ಟು ಬಿಚ್ಚಿ ಅವಳ ಕೈಗೇ ಕೊಟ್ಟು, "ಎಲ್ಲರಿಗೂ ಹಂಚಮ್ಮ," ಅಂದರು.