ಐದನೆಯ ಪುಟ

ವಾಚನಾಲಯದಲ್ಲಿ ಸುಭಾಷ ತಿರುಪು ಸಡಿಲಿಸಿ ನಿನ್ನೆಯ ಪತ್ರಿಕೆಯನ್ನು ಮರದ ಪಟ್ಟಿಗಳ ನಡುವಿನಿಂದ ಎಳೆದ. ಮೇಲೆ ಮೂರನೆಯ ಮಾಳಿಗೆಯಲ್ಲಿ ಹಣಮಂತಣ್ಣನ ಹೆಣಕ್ಕೆ ನೀರು ಹಾಕುತ್ತಿದ್ದರು.

"ಇಪ್ಪತ್ತಾರು ವರ್ಷದಾಗ ಅವರು ಒಂದು ದಿನಾನೂ ತಪ್ಪಿಸಿಲ್ಲ. ಇವತ್ತಿನ ಪೇಪರ್ ನೀ ಕಟ್ಟಿ ಬಾ," ಎಂದು ಹಣಮಂತನ ಹೆಂಡತಿ ಇಂದ್ರಾಬಾಯಿಯೇ ನೆರೆಯವನಾದ ಅವನಿಗೆ ಕೀಲಿ ಕೊಟ್ಟು ಕಳಿಸಿದ್ದಳು.

ಘಾಟ್ಕೋಪರಿನ ಆ ಹಳೆಯ ಸಾಲುಮನೆಗಳ ಚಾಳಿನ ಕೆಳಗಿನ ಖೋಲಿಯೇ ವಾಚನಾಲಯ. ಹಣಮಂತ ವಿಜಯಪುರದಿಂದ ಬಂದು, ಪ್ಯೂನ್ ಆಗಿ ದುಡಿದು ನಿವೃತ್ತನಾದವನು. ನಸುಕಿಗೆ ಎದ್ದು ಕನ್ನಡ, ಮರಾಠಿ, ಹಿಂದಿ ಪತ್ರಿಕೆಗಳ ಬೆನ್ನನ್ನು ಪಟ್ಟಿಗಳಿಗೆ ಸಿಕ್ಕಿಸಿ, ತಿರುಪು ಬಿಗಿದು, ಗೋಡೆಯ ಗೂಟಗಳಿಗೆ ತೂಗುಹಾಕುವುದು ಅವನು ತಾನಾಗಿ ಹಚ್ಚಿಕೊಂಡ ಕೆಲಸ. ಪಟ್ಟಿ ಇಲ್ಲದಿದ್ದರೆ ಒಂದೊಂದು ಪುಟ ಒಂದೊಂದು ಮನೆ ಸೇರುತ್ತದೆ ಎನ್ನುತ್ತಿದ್ದ.

ಕಪಾಟಿನ ಹಿಂದೆ ಇನ್ನೊಂದು ಪಟ್ಟಿ ನಿಂತಿತ್ತು. ಅದರಲ್ಲಿ ಮರಾಠಿ ಪತ್ರಿಕೆಯ ಒಂದೇ ಹಾಳೆ, ಐದನೆಯ ಪುಟ. ಸುಭಾಷ ಬಿಡಿಸಿದ. ಮಳೆಗಾಲದ ಮೊದಲು ಖಾಲಿ ಮಾಡಿಸಬೇಕಾದ ಅಪಾಯಕಾರಿ ಕಟ್ಟಡಗಳ ಯಾದಿ. ಫೋನಿನಲ್ಲಿ ಸುದ್ದಿ ನೋಡುವವರು ಯಾರೂ ಓದದಂಥ ಸಣ್ಣ ಅಕ್ಷರ. ಹನ್ನೊಂದನೆಯ ಹೆಸರು ಅವರ ಚಾಳಿನದು. ಪತ್ರಿಕೆಯ ತಾರೀಖು ಮೇ ಹದಿನೇಳು. ಈಗ ಜೂನ್. ಹೊರಗೆ ಮೂರು ದಿನದಿಂದ ಮಳೆ ಬಿಟ್ಟಿರಲಿಲ್ಲ.

*

ಆ ಮೇ ಹದಿನೇಳರಂದು ಸುಭಾಷನೇ ಕೇಳಿದ್ದ. "ಅಣ್ಣಾ, ಮರಾಠಿ ಪೇಪರಿನ್ಯಾಗ ಐದನೇ ಪೇಜ್ ಇಲ್ಲಲ್ಲ?"

"ಇಲಿ ಹರದಾವು."

"ಇಲಿ ಇಷ್ಟು ನೆಟ್ಟಗ ಕೊಯ್ತಾವನ?"

ಹಣಮಂತ ಕನ್ನಡಕ ತೆಗೆದು ಒರೆಸಿದ. ಕಿಟಕಿಯಾಚೆಯ ಚಾಳನ್ನು ಹದಿನಾಲ್ಕು ವರ್ಷದ ಹಿಂದೆ ಖಾಲಿ ಮಾಡಿಸಿದ್ದರು. ಅಲ್ಲಿಂದ ಹೋದವರು ಒಬ್ಬರೂ ಮರಳಿ ಬಂದಿರಲಿಲ್ಲ. ಅತ್ತಲೇ ನೋಡುತ್ತ, "ನಿನ್ನ ಮಗಳ ಲಗ್ನ ಯಾವಾಗ?" ಎಂದ.

"ಜುಲೈನಾಗ. ಇಲ್ಲೇ ಅಂಗಳದಾಗ."

"ಆಗಲಿ. ಮೊದಲ ಅದೊಂದು ಆಗಲಿ."

ಸುಭಾಷ ಅದನ್ನು ಆಶೀರ್ವಾದವೆಂದುಕೊಂಡಿದ್ದ.

*

ಹಾಳೆಯನ್ನು ಅಂಗಿಯೊಳಗಿಟ್ಟು ಅವನು ಮೆಟ್ಟಿಲೇರಿದ. ಅಂಧೇರಿ, ಮಲಾಡ್‌ನಿಂದ ಬಂದ ಊರವರು ಎರಡೂ ಬದಿಗೆ ನಿಂತಿದ್ದರು. ಖೋಲಿಗಳ ಮುಂದಿನ ಗ್ಯಾಲರಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮರದ ಕಂಬಿಗೆ ಒರಗಿದ ಹುಡುಗಿಯರ ನಡುವೆ ಅವನ ಮಗಳೂ ಇದ್ದಳು.

ಹೆಣದ ತಲೆದಿಸೆಗೆ ಕೂತಿದ್ದ ಇಂದ್ರಾಬಾಯಿಯ ಬಳಿ ಬಾಗಿ ಅವನು ಹಾಳೆಯ ಅಂಚು ತೋರಿಸಿದ.

"ಗೊತ್ತೈತಿ," ಎಂದಳು ದನಿ ಏರಿಸದೆ. "ಗೇಟಿಗೆ ಅಂಟಿಸಿದ್ದ ನೋಟಿಸೂ ನೀರು ಹಚ್ಚಿ ನಮ್ಮವರೇ ಕಿತ್ತರು. ಆಮ್ಯಾಲೆ ನಿದ್ದಿ ಇಲ್ಲ, ಊಟ ಇಲ್ಲ. ಗ್ವಾಡಿಗೆ ಕಿವಿ ಹಚ್ಚಿ ಕುಂದರತಿದ್ರು."

"ವೈನೀ, ಈಗ ಎಷ್ಟು ಮಂದಿ ನಿಂತಾರ ನೋಡ್ರಿ."

"ಮೊದಲ ನಿಮ್ಮಣ್ಣ ಇಳೀಲಿ, ತಮ್ಮಾ. ಇವತ್ತೊಂದು ದಿನ ಅವರ ಹೆಸರು ಕೆಡಸಬ್ಯಾಡ."

ಅವಳ ಮಗ ಅನಿಲ ಬಾಗಿಲಿಗೆ ಬಂದ. "ಕಾಕಾ, ಗಾಡಿ ಆ ಗಯೀ. ಸಬ್ ಲೋಗ್... ಎಲ್ಲಾರೂ ಒಮ್ಮೆ ಇಳಿಯೂದಾ?"

ಸುಭಾಷ ಅಂಗಿಯೊಳಗಿನ ಹಾಳೆ ಮುಟ್ಟಿ ನೋಡಿದ. ಇದನ್ನು ಎಲ್ಲರೆದುರು ಓದಿದರೆ ಮಗಳ ಲಗ್ನವೂ ಇಲ್ಲ, ಮನೆಯೂ ಇಲ್ಲ. ಅವನು ಗ್ಯಾಲರಿಗೆ ಬಂದು ಹಾಳೆ ಬಿಚ್ಚಿದ. ಹನ್ನೊಂದನೆಯ ಸಾಲನ್ನು ತಾರೀಖು ಸಹಿತ ಓದಿದ.

"ಒಬ್ಬೊಬ್ಬರ ಇಳೀರಿ. ಓಡಬ್ಯಾಡ್ರಿ. ಹೆಣ ಕಡೀಕ ತರತೀವಿ."

ಒಬ್ಬ ಮುದುಕ ಕಂಬಿಯಿಂದ ಮೆಲ್ಲಗೆ ಕೈ ತೆಗೆದ. ಇಂದ್ರಾಬಾಯಿ ಸುಭಾಷನನ್ನು ಒಮ್ಮೆ ನೋಡಿ ಮುಖದ ಮೇಲೆ ಸೆರಗೆಳೆದುಕೊಂಡಳು.

ಮೆಟ್ಟಿಲು ಖಾಲಿಯಾಗಲು ಅರ್ಧ ತಾಸು ಹಿಡಿಯಿತು. ಆಮೇಲೆ ನಾಲ್ವರು ಹೆಣ ಹೊತ್ತು ಇಳಿದರು, ಹಿಂದೆ ಇಂದ್ರಾಬಾಯಿ ಬರಿಗಾಲಲ್ಲಿ. ಅಂಗಳಕ್ಕೆ ಬಂದಾಗ ಅನಿಲ "ರಾಮ್ ನಾಮ್" ಎಂದು ಕೂಗಿದ. ಯಾರೂ ದನಿಗೂಡಿಸಲಿಲ್ಲ. ಕೊಡೆಗಳನ್ನು ಹಿಂದಕ್ಕೆ ವಾಲಿಸಿ, ಮುಖದ ಮೇಲೆ ಮಳೆ ಸುರಿಯುತ್ತಿದ್ದರೂ ಒರೆಸಿಕೊಳ್ಳದೆ, ಎಲ್ಲರೂ ಕತ್ತೆತ್ತಿ ಚಾಳಿನ ಗೋಡೆಯನ್ನೇ ನೋಡುತ್ತಿದ್ದರು.