ಪಂಕಜಾ ಹಾಡಿದ್ದು

ನಾನೊಂದು ಹಾಡಿನ ಫೈಲು. ನನಗೆ ಕೈಕಾಲಿಲ್ಲ, ಮೈಯಿಲ್ಲ. ಇರುವುದು ಗಂಟಲೊಂದೇ, ಅದೂ ನನ್ನದಲ್ಲ. ಹುಟ್ಟಿದ್ದು ಕಡೂರಿನ ಒಂದು ಆರತಕ್ಷತೆಯಲ್ಲಿ, ಚಿಲಿಪಿಲಿ ಮೆಲೊಡೀಸ್ ಆರ್ಕೆಸ್ಟ್ರಾದ ವೇದಿಕೆಯ ಮೇಲೆ. ಕೀಬೋರ್ಡಿನ ದಾದಾಪೀರ್ ಯಾರಿಗೂ ಹೇಳದೆ ಮಿಕ್ಸರ್‌ಗೆ ವೈರು ಸಿಕ್ಕಿಸಿ ನನ್ನನ್ನು ಹಿಡಿದ. ಆಮೇಲೆ ಸೀಡಿಗೆ ಇಳಿಸಿ, ಮೇಲೆ ಏನೂ ಬರೆಯದೆ ತಂಡದ ಪೆಟ್ಟಿಗೆಗೆ ಎಸೆದ.

ಆ ಸಂಜೆ ಗಾಯಕಿ ಪಂಕಜಮ್ಮನ ಗಂಟಲು ಕಟ್ಟಿತ್ತು. ಗಂಡ ಓಂಕಾರಪ್ಪ ತಂಡದ ಮಿಮಿಕ್ರಿಯವರು. ಕಾಗೆಯಿಂದ ಕುಕ್ಕರಿನವರೆಗೆ ಯಾವ ದನಿಯೊಳಗಾದರೂ ಬಾಡಿಗೆಯಿಲ್ಲದೆ ವಾಸ ಮಾಡುತ್ತಿದ್ದರು. ಅವತ್ತು ಸ್ಪೀಕರ್ ಡಬ್ಬಗಳ ಹಿಂದೆ ಕುಕ್ಕರಗಾಲಲ್ಲಿ ಕೂತು, ಹೆಂಡತಿಯ ದನಿಯಲ್ಲೇ ಹಾಡಿದರು. ಮುಂದೆ ನಿಂತ ಆಕೆ ಸೆರಗು ಸರಿಮಾಡಿಕೊಂಡು ಬರೀ ಬಾಯಾಡಿಸಿದರು. ಹಾಡು ಮುಗಿದ ಮೇಲೆ ಡಬ್ಬದ ಹಿಂದೆ ಬಗ್ಗಿ, ಒಡೆದ ಗಂಟಲಲ್ಲಿ, "ರೀ, ನನಗಿಂತ ನಾನೇ ಚೆನ್ನಾಗಿ ಹಾಡ್ದೆ ಅಲ್ವಾ?" ಎಂದು ನಕ್ಕರು. ಆರಿಸದೆ ಬಿಟ್ಟಿದ್ದ ಮೈಕು ಅದನ್ನೂ ನನಗೆ ಕೊಟ್ಟಿತು. ನನ್ನೊಳಗೆ ನಿಜವಾದ ಪಂಕಜಮ್ಮ ಇದ್ದದ್ದು ಆ ಬಾಲದಲ್ಲಿ ಮಾತ್ರ.

ಮದುವೆಗಳಿಗೆ ಡೀಜೆ ಬಂತು, ತಂಡ ಚದುರಿತು. ಪಂಕಜಮ್ಮ ಕಾಯಿಲೆ ಬಿದ್ದು ತೀರಿಕೊಂಡರು. ವರ್ಷದ ಪುಣ್ಯತಿಥಿಗೆ ಬಂದವರಿಗೆಲ್ಲ ಆಕೆಯ ದನಿ ಕೇಳಿಸಬೇಕೆಂದು ಓಂಕಾರಪ್ಪ ತಿಪಟೂರಿನ ಮನೆಯಲ್ಲಿ ಪೆಟ್ಟಿಗೆ ಬಿಚ್ಚಿದರು. ಸೀಡಿಗಳಿಗೆ ಬೂಷ್ಟು ಹಿಡಿದಿತ್ತು. ಕಂಪ್ಯೂಟರು ಒಂದೊಂದನ್ನೂ ಬಾಯಿಗೆ ಹಾಕಿಕೊಂಡು, ಟಕಟಕ ಜಗಿದು, ಉಗುಳಿತು. ತೆರೆದುಕೊಂಡ ಕೆಲವದರಲ್ಲಿ ಇದ್ದದ್ದು ಬೇರೆಯವರ ಜೋಡಿಹಾಡು, ಇವರದೇ ಕಾಗೆ.

ಕೊನೆಗೆ ನಾನು ತೆರೆದುಕೊಂಡೆ. ಓಂಕಾರಪ್ಪ ಕನ್ನಡಕ ತೆಗೆದು ಪಕ್ಕಕ್ಕಿಟ್ಟರು; ಹಾಡಿನ ಕೊನೆಯ ಸಾಲಾಗುತ್ತಲೇ ನಿಲ್ಲಿಸಿದರು. ಕಡೂರಿನ ಹಾಡು ಸೀಡಿಯಾದದ್ದೇ ಅವರಿಗೆ ಗೊತ್ತಿರಲಿಲ್ಲ; ಊರಿಗೆಲ್ಲ ಟೋಪಿ ಹಾಕಿದ ಆ ದನಿ ಈಗ ತನ್ನ ಧಣಿಗೇ ಹಾಕಿತು.

ತೆರೆದುಕೊಂಡವನ್ನೆಲ್ಲ ಸೀಡಿಯಿಂದ ಕಂಪ್ಯೂಟರಿಗೆ ಇಳಿಸಿಕೊಂಡರು. ಕಂಪ್ಯೂಟರೆಂಬ ಹೆರಿಗೆ ಆಸ್ಪತ್ರೆಯಲ್ಲಿ ಎಲ್ಲ ಕೂಸುಗಳ ಹೆಸರೂ ಟ್ರ್ಯಾಕ್. ಓಂಕಾರಪ್ಪ ಒಂದೇ ಬೆರಳಲ್ಲಿ ಕುಟ್ಟುತ್ತ ನಾಮಕರಣಕ್ಕೆ ಕೂತರು. ಕಾಗೆ, ಕುಕ್ಕರುಗಳೆಲ್ಲ 'ನನ್ನ ಕಪಿಚೇಷ್ಟೆ' ಎಂಬ ಫೋಲ್ಡರಿಗೆ ಹೋದವು. ನನಗೆ ಮಾತ್ರ ಬೇರೆ ಮನೆ, 'ಪಂಕಜಾ ಹಾಡಿದ್ದು' ಎಂಬ ಹೆಸರು. ಆಮೇಲೆ ಎಲ್ಲ ಫೈಲುಗಳ ಬಾಲ ಕತ್ತರಿಸಿದರು. ಹಾಡು ಮುಗಿದ ಮೇಲೆ ಇರುವುದು ಕುರ್ಚಿ ಎಳೆಯುವ ಸದ್ದು, ಸಾಂಬಾರು ಕೇಳುವ ಕೂಗು ತಾನೆ? ಕೇಳಿ ನೋಡುವ ಗೊಡವೆಗೇ ಹೋಗಲಿಲ್ಲ. ನನ್ನದನ್ನೂ ಕತ್ತರಿಸಿ ಸೇವ್ ಒತ್ತಿದರು. ಸೀಡಿಗಳನ್ನು ಪಾರಿವಾಳ ಬೆದರಲೆಂದು ತಾರಸಿಯಲ್ಲಿ ದಾರಕ್ಕೆ ಕಟ್ಟಿದರು.

ಪುಣ್ಯತಿಥಿಯ ದಿನ ಊಟವಾದ ಮೇಲೆ ನನ್ನನ್ನು ಹಾಕಿದರು. ಹೆಂಗಸರು ಕಣ್ಣೊರೆಸಿಕೊಂಡರು. ದಾದಾಪೀರ್ ಮಾತ್ರ ತಲೆ ತಗ್ಗಿಸಿ ಕೂತಿದ್ದ. ಎಲ್ಲರೂ ಎದ್ದು ಹೋಗುವವರೆಗೆ ಕಾದು, ಮೆಲ್ಲಗೆ ಹೇಳಿದ.

"ಅಣ್ಣಾ, ಇದು ಕಡೂರಿಂದು. ಹಾಡಿದ್ದು ನೀವು. ಕೊನೇಲಿ ಅತ್ತಿಗೆ ನಿಮ್ಮನ್ನ ರೇಗಿಸಿ ನಕ್ಕಿದ್ರಲ್ಲ, ಅದಿರಬೇಕು ನೋಡಿ."

ಓಂಕಾರಪ್ಪ ನನ್ನ ತುದಿಗೆ ಹೋದರು. ಮತ್ತೆ ಹೋದರು. ತುದಿಯಲ್ಲಿ ತುದಿ ಮಾತ್ರ ಇತ್ತು. ತಾರಸಿಗೆ ಓಡಿ ಸೀಡಿಗಳನ್ನೆಲ್ಲ ಕಿತ್ತು ತಂದರು. ಬಿಸಿಲಿಗೆ ಬೆಳ್ಳಿಯ ಪೊರೆ ಎದ್ದುಹೋಗಿತ್ತು. ಕಂಪ್ಯೂಟರು ಎಲ್ಲವನ್ನೂ ಜಗಿದು ಉಗುಳಿತು.

ಆಮೇಲೊಂದು ದಿನ ನನ್ನ ಹೆಸರಿನಲ್ಲಿದ್ದ 'ಪಂಕಜಾ' ಅಳಿಸಿ 'ಓಂಕಾರ' ಎಂದು ಕುಟ್ಟಿದರು. ನೋಡುತ್ತ ಕೂತರು. ಅದನ್ನೂ ಅಳಿಸಿ ಮತ್ತೆ 'ಪಂಕಜಾ' ಎಂದೇ ಬರೆದರು. ನಂತರ ಮೈಕು ಹತ್ತಿರ ಎಳೆದುಕೊಂಡು, ನನಗೆ ಕಳೆದ ಬಾಲವನ್ನು ಅಂಟಿಸಲೆಂದು, ಹೆಂಡತಿಯ ಒಡೆದ ದನಿಯಲ್ಲಿ, "ರೀ, ನನಗಿಂತ ನಾನೇ ಚೆನ್ನಾಗಿ ಹಾಡ್ದೆ ಅಲ್ವಾ?" ಎಂದರು. ಮಾತು ಥೇಟ್ ಬಂತು. ನಗು ಬರಲಿಲ್ಲ. ಎಷ್ಟು ಸಲ ಬಾಯಿ ತೆರೆದರೂ ಬರಲಿಲ್ಲ.

ಈಗ ನನ್ನನ್ನು ಯಾರೂ ಹಾಕುವುದಿಲ್ಲ. ಆಕೆಯ ಹೆಸರು, ಅವರ ಗಂಟಲು ಹೊತ್ತು ನನ್ನ ಮನೆಯಲ್ಲಿ ಒಬ್ಬನೇ ಇದ್ದೇನೆ. ನಮ್ಮ ಜಾತಿಗೆ ಮುಪ್ಪಿಲ್ಲ, ಇದ್ದ ಹಾಗೇ ಇರುತ್ತೇವೆ. ಹಲ್ಲಿಯಾಗಿದ್ದರೆ ಬಾಲವಾದರೂ ಮತ್ತೆ ಬೆಳೆಯುತ್ತಿತ್ತು.